ಸ್ಕರಿಯನ ಲಿವರ್ ಕೋವಿ

ಸ್ಕರಿಯ ಬೇಲಿಯ ಈಚೆ ಬಿದ್ದಿದ್ದ. ಕೋವಿ ಬೇಲಿಯ ಆಚೆ ಬಿದ್ದಿತ್ತು. ಗುಂಡು ಗಲ್ಲದ ಕೆಳಗೆ ಹೊಕ್ಕಿತ್ತು.

ಹೆಂಡತಿ ಏಲಿ ಅವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಒಂದು ಕೈಯಿಂದ ಗಾಯಕ್ಕೆ ತೋರ್ತು ಬಟ್ಟೆ ಒತ್ತಿ ಹಿಡಿದಿದ್ದಳು. ರಕ್ತ ನಿಂತು ಎರಡು ಗಂಟೆಯಾಗಿತ್ತು. ಆದರೂ ಕೈ ತೆಗೆಯಲಿಲ್ಲ. ತೆಗೆದರೆ ಮತ್ತೆ ಸುರಿಯುತ್ತದೆ ಎಂದು ನನಗೆ ಹೇಳಿದಳು. ನಾನು ಹೆಡ್ ಕಾನ್‌ಸ್ಟೇಬಲ್ ಸಮದ್. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಹೆಣ ಕಂಡು ಊಟ ಬಿಟ್ಟವನಲ್ಲ. ಅವತ್ತು ಬಿಟ್ಟೆ.

ಅದು ೧೯೬೨ರ ಮಾರ್ಚ್ ಇಪ್ಪತ್ತೆರಡು, ಬೆಳಿಗ್ಗೆ ಹತ್ತು ಗಂಟೆ. ನೆಲ್ಯಾಡಿಯಿಂದ ಮೂರು ಮೈಲಿ ಒಳಗೆ, ಕಡಬದ ಕಡೆಯ ಗುಡ್ಡ. ಕೇರಳದಿಂದ ಬಂದವರು ಅಲ್ಲಿ ಕಾಡು ಸವರಿ ರಬ್ಬರ್ ಸಸಿ ನೆಟ್ಟಿದ್ದರು. ಸಸಿಗಳ ನಡುವೆ ಮರಗೆಣಸು. ಮರಗೆಣಸಿಗೆ ಹಂದಿ. ಹಂದಿಗೆ ಕೋವಿ. ಸ್ಕರಿಯ ಬೆಳಿಗ್ಗೆ ಆರಕ್ಕೆ ಹಂದಿಯ ಜಾಡು ನೋಡಲು ಹೋಗಿದ್ದ. ಬರುವಾಗ ಮೊದಲು ತಾನು ಬೇಲಿ ಹತ್ತಿ ಇಳಿದ. ಆಮೇಲೆ ಕೋವಿಯನ್ನು ನಳಿಗೆ ಹಿಡಿದು ಈಚೆಗೆ ಎಳೆದುಕೊಂಡ. ಹಿಡಿ ಕಲ್ಲಿಗೆ ತಾಗಿತು. ಅಷ್ಟೇ. ಕಲ್ಲಿನ ಮೇಲೆ ಮರದ ಹಿಡಿ ಉಜ್ಜಿದ ಗುರುತು ಹಸಿಯಾಗಿಯೇ ಇತ್ತು.

ನಮ್ಮ ಸಬ್ ಇನ್‌ಸ್ಪೆಕ್ಟರ್ ಬೋಜಪ್ಪ ಕೋವಿಯನ್ನು ಎತ್ತಿಕೊಂಡರು. ಸುಳ್ಯದ ಕಡೆ ಆಲೆಟ್ಟಿಯವರು. ಕೋವಿ ನೋಡುತ್ತಲೇ ಬೆಳೆದವರು. ತಮ್ಮ ಮನೆಯಲ್ಲಿಯೂ ಇಂಥದೇ ಒಂದುಂಟು ಎಂದರು. ಅಮೆರಿಕದ ಕೋವಿ, ಎಪ್ಪತ್ತು ವರ್ಷ ಹಳೆಯದು. ಕೆಳಗೆ ಬೆರಳು ತೂರಿಸುವ ಬಳೆಯಂಥ ಲಿವರ್. ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಹಳೆಯ ತೋಟಾ ಹೊರಗೆ ಹಾರುತ್ತದೆ, ಹೊಸದು ಒಳಗೆ ಕೂರುತ್ತದೆ, ಹಿಂದಿನ ಕುದುರೆ ಎದ್ದು ನಿಲ್ಲುತ್ತದೆ. ಕುದುರೆ ಎಂದರೆ ತೋಟಾದ ಬೆನ್ನಿಗೆ ಬಡಿಯುವ, ಹೆಬ್ಬೆರಳಷ್ಟು ದಪ್ಪದ ಉಕ್ಕಿನ ಕೊಕ್ಕೆ. ಅದನ್ನು ಅರ್ಧಕ್ಕೆ ಇಳಿಸಿ ನಿಲ್ಲಿಸಿದರೆ ಏನೇ ಆದರೂ ಬಡಿಯಬಾರದು. ಆ ಕೋವಿಗೆ ಇರುವ ಭದ್ರತೆ ಅದೊಂದೇ.

ಬೋಜಪ್ಪ ತೋಟಾ ಎಲ್ಲ ತೆಗೆದರು. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಹಿಡಿಯನ್ನು ಮೆಲ್ಲಗೆ ನೆಲಕ್ಕೆ ಕುಟ್ಟಿದರು. ಟಕ್ ಎಂದು ಕುದುರೆ ಬಿತ್ತು. ಐದು ಸಲ ಕುಟ್ಟಿದರು. ಮೂರು ಸಲ ಬಿತ್ತು.

"ಅರ್ಧಕ್ಕೆ ಹಾಕದೆ ಬೇಲಿ ಹತ್ತುವ ಮನುಷ್ಯ ಅಲ್ಲ ಸಾರ್," ಎಂದಳು ಏಲಿ. ಅಷ್ಟು ಹೊತ್ತಿಗೆ ಅವಳ ಕೈಯನ್ನು ಯಾರೋ ಬಿಡಿಸಿದ್ದರು.

ಬೋಜಪ್ಪ ಅವಳನ್ನೇ ನೋಡಿದರು. ಅವನು ಅರ್ಧಕ್ಕೆ ಹಾಕಿದ್ದ. ಕೋವಿ ಅವನಿಗೆ ಮೋಸ ಮಾಡಿತ್ತು.

* * *

ಮಧ್ಯಾಹ್ನ ಸರ್ಕಲ್ ಸಾಹೇಬರು ಬಂದರು. ಅವರಿಗೆ ಎಲ್ಲ ಬೇಗ ಆಗಬೇಕು. ಕೋವಿಯನ್ನು ಕೊನೆಯ ಸಲ ರಿಪೇರಿ ಮಾಡಿದ್ದು ಯಾರು ಎಂದು ಕೇಳಿದರು. ಪುತ್ತೂರಿನ ಮೂಸಕುಂಞಿ, ಜನವರಿಯಲ್ಲಿ ಎಂದು ಸ್ಕರಿಯನ ತಮ್ಮ ಮಾಣಿ ಹೇಳಿದ. ಸಾಹೇಬರಿಗೆ ಅಷ್ಟು ಸಾಕಾಯಿತು. ನಿರ್ಲಕ್ಷ್ಯದಿಂದ ಒಬ್ಬನ ಸಾವು ಎಂದು ಬರೆಸಿದರು. ಸಂಜೆಯೊಳಗೆ ಮೂಸಕುಂಞಿ ನಮ್ಮ ಲಾಕಪ್ಪಿನಲ್ಲಿದ್ದರು.

ಈ ತಾಲೂಕಿನಲ್ಲಿ ಹಳೆಯ ಕೋವಿ ರಿಪೇರಿಗೆ ಲೈಸೆನ್ಸು ಇದ್ದ ಕೈ ಅದೊಂದೇ. ಅರುವತ್ತು ದಾಟಿದೆ. ಹೊರದೇಶದಿಂದ ಬಿಡಿಭಾಗ ಬರುವುದು ನಿಂತ ಮೇಲೆ ಸ್ಪ್ರಿಂಗು, ಪಿನ್ನು, ಸ್ಕ್ರೂ ಎಲ್ಲವನ್ನೂ ತಾವೇ ಅರದಿಂದ ತಿಕ್ಕಿ, ಕಾಸಿ, ಎಣ್ಣೆಗೆ ಅದ್ದಿ ಮಾಡುತ್ತಿದ್ದರು. ಕೇಸು ನಿಂತರೆ ಜೈಲು. ಜೈಲಿಂದ ಬಂದರೂ ಲೈಸೆನ್ಸು ಹೋಯಿತು. ಅದಕ್ಕಿಂತ ಹೆಚ್ಚಾಗಿ, ಮೂಸಕುಂಞಿ ಕೈಹಾಕಿದ ಕೋವಿ ಆಳಿನ ಪ್ರಾಣ ತೆಗೆಯಿತು ಎಂಬ ಮಾತು ಸಾಯುವವರೆಗೂ ಬೆನ್ನು ಬಿಡುವುದಿಲ್ಲ. ನಲವತ್ತು ವರ್ಷದ ಹೆಸರು ಒಂದೇ ಹಗಲಿನಲ್ಲಿ ಮಣ್ಣುಪಾಲಾಗಿತ್ತು.

ಅವರು ತಪ್ಪು ಮಾಡಿದ್ದಾರೆ ಎಂದು ನನಗೆ ನಂಬಿಕೆ ಬರಲಿಲ್ಲ. ಆದರೆ ಬಾಯಿ ಬಿಡುವಂತಿರಲಿಲ್ಲ. ಮೂಸಕುಂಞಿಯನ್ನು ನಾನು ಕರೆಯುವುದು ಮೂಸಾಕ ಎಂದು; ನಮ್ಮವರು, ಬ್ಯಾರಿ ಮುಸಲ್ಮಾನರು. ನಾನು ಒಂದು ಮಾತು ಆಡಿದರೆ ಸಮದನಿಗೆ ತನ್ನವರ ಮೇಲೆ ಕರುಳು ಎನ್ನುತ್ತಾರೆ. ಹಾಗಾಗಿ ಬೀಗ ಹಾಕಿ, ಕುಡಿಯಲು ಒಂದು ತಂಬಿಗೆ ನೀರು ಇಟ್ಟು ಸುಮ್ಮನಾದೆ.

ಬೋಜಪ್ಪನವರಿಗೆ ಅದು ಒಳ್ಳೆಯ ಕಾಲ. ಎರಡು ಹೆಣ್ಣಿನ ಮೇಲೆ ಒಂದು ಗಂಡು ಹುಟ್ಟಿ ಹದಿಮೂರು ದಿನವಾಗಿತ್ತಷ್ಟೆ. ಅವರ ತಂದೆ ಅಂಗಳದಲ್ಲಿ ನಿಂತು ಕೋವಿಯಿಂದ ಗುಂಡು ಹಾರಿಸಿದರಂತೆ. ಅವರ ಕಡೆ ಗಂಡು ಹುಟ್ಟಿದರೆ ಹಾಗೆ ಹಾರಿಸುವುದುಂಟು. ಠಾಣೆಗೆಲ್ಲ ಲಾಡು ಹಂಚಿದ್ದರು. ಆ ವಾರ ಅವರು ಯಾರಿಗೂ ಬೈದದ್ದಿಲ್ಲ.

* * *

ಮರುದಿನ ಬೆಳಿಗ್ಗೆ ಬೋಜಪ್ಪ ಲಾಕಪ್ಪಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತರು.

ಏನು ಮಾಡಿದಿರಿ ಎಂದು ಕೇಳಿದರು. ಸ್ಪ್ರಿಂಗು ಬದಲಿಸಿದೆ, ಬೇರೇನೂ ಇಲ್ಲ ಎಂದರು ಮೂಸಾಕ. ಕುದುರೆಯನ್ನು ಹೊರಗೆ ತೆಗೆಯಲೇಬೇಕಾಗಿತ್ತು, ತೆಗೆದೆ. ಅದನ್ನು ಅರ್ಧಕ್ಕೂ ಪೂರ್ತಿಗೂ ತಡೆದು ನಿಲ್ಲಿಸುವ ಹಲ್ಲು ಎರಡೂ ಚೂಪಾಗಿ ಇದ್ದವು, ನೋಡಿ ಹಾಗೆಯೇ ಹಾಕಿದೆ ಎಂದರು. ಮತ್ತೆ ಒಂದು ಮಾತು ಸೇರಿಸಿದರು. ತಾವು ಬದಲಿಸಿದ ಯಾವ ಭಾಗವನ್ನೂ ಅಂಗಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹಳತನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಕೋವಿಯವನ ಕೈಗೇ ಕೊಡುತ್ತಾರೆ. ಅದು ಅವರ ಕ್ರಮ. ಒಬ್ಬರ ಕೋವಿಯದ್ದು ಇನ್ನೊಬ್ಬರ ಕೋವಿಗೆ ಹೋಯಿತು ಎಂಬ ಮಾತು ಬರಬಾರದಲ್ಲ.

"ಕೋವಿ ಒಮ್ಮೆ ನೋಡ್ಬಹುದಾ ಸಾರ್?"

ನಾನು ತಂದುಕೊಟ್ಟೆ. ಮೂಸಾಕ ಲಿವರನ್ನು ಒಮ್ಮೆ ತಳ್ಳಿ ಎಳೆದರು. ಕುದುರೆಯನ್ನು ಹೆಬ್ಬೆರಳಿನಿಂದ ಸವರಿದರು. ಕಿಟಕಿಯ ಬೆಳಕಿಗೆ ಹಿಡಿದರು. ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ. ಕೋವಿಯನ್ನು ವಾಪಸು ಕೊಟ್ಟುಬಿಟ್ಟರು.

"ಈ ಕುದುರೆ ಈ ಕೋವಿಯದ್ದಲ್ಲ."

"ಮತ್ತೆ ಯಾವುದರದ್ದು?"

"ಹೆಬ್ಬೆರಳು ಇಡುವಲ್ಲಿ ಗೀರು ಉಂಟಲ್ಲ, ಅದಕ್ಕೆ ಉಗುರು ಹಾಕಿ ನೋಡಿ. ನಾನು ಬೇರೆ ಎಂತದೂ ಹೇಳುದಿಲ್ಲ."

ಹೆಬ್ಬೆರಳು ಜಾರದಿರಲಿ ಎಂದು ಕುದುರೆಯ ನೆತ್ತಿಯಲ್ಲಿ ಸಣ್ಣ ಗೀರುಗಳನ್ನು ಕೊರೆದಿರುತ್ತಾರೆ. ಬೋಜಪ್ಪ ಉಗುರು ಹಾಕಿದರು. ಎಣ್ಣೆಯಲ್ಲಿ ನೆನೆದು ಕಲ್ಲಾಗಿದ್ದ ಹಳದಿ ಪುಡಿ ಬಂತು. ಬಿಳಿ ಕಾಗದದ ಮೇಲೆ ಉದುರಿಸಿ ಒತ್ತಿದರು. ನಡುವೆ ಕೆಂಪು ಕಂಡಿತು. ಮೂಸಿದರು.

"ಗಂಧ," ಎಂದರು. "ಕುಂಕುಮವೂ ಉಂಟು."

ಸ್ಕರಿಯನ ಮನೆಯಲ್ಲಿ ಶಿಲುಬೆ. ಕೋವಿಯನ್ನು ಅವನಿಗೆ ಮಾರಿದ್ದು ಊರಿಗೆ ಹೊರಟು ನಿಂತಿದ್ದ ಒಬ್ಬ ಬಿಳಿಯ ಪ್ಲಾಂಟರ್. ರಿಪೇರಿ ಮಾಡಿದ್ದು ಐದು ಹೊತ್ತು ನಮಾಜು ಮಾಡುವ ಮುದುಕ. ಇವರಲ್ಲಿ ಆಯುಧ ಪೂಜೆಗೆ ಕೋವಿಗೆ ಗಂಧ ಹಚ್ಚುವವರು ಯಾರು? ಒಂದು ಸಲ ಹಚ್ಚಿದ್ದೂ ಅಲ್ಲ. ಗೀರು ತುಂಬುವಷ್ಟು ಗಂಧ ಕೂರಬೇಕಾದರೆ ಹತ್ತಾರು ನವರಾತ್ರಿ ಕಳೆದಿರಬೇಕು.

ಯಾರೋ ತಮ್ಮ ಕೋವಿಯ ಸವೆದ ಕುದುರೆಯನ್ನು ಸ್ಕರಿಯನ ಕೋವಿಗೆ ಹಾಕಿ, ಅವನ ಒಳ್ಳೆಯ ಕುದುರೆಯನ್ನು ಕದ್ದೊಯ್ದಿದ್ದರು. ನನ್ನ ಸರ್ವಿಸಿನಲ್ಲಿ ಕೋಳಿ ಕಳ್ಳತನ ನೋಡಿದ್ದೇನೆ, ಅಡಿಕೆ ಕಳ್ಳತನ ನೋಡಿದ್ದೇನೆ. ಹೆಬ್ಬೆರಳಷ್ಟು ಉಕ್ಕು ಕದ್ದು, ಅದರ ಜಾಗದಲ್ಲಿ ಸಾವನ್ನು ಇಟ್ಟು ಹೋದದ್ದನ್ನು ನೋಡಿದ್ದು ಅದೇ ಮೊದಲು.

ಬೋಜಪ್ಪ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡರು. ನೆಲ್ಯಾಡಿಗೆ ಹೋಗುವ ಎಂದು ಜೀಪು ಹತ್ತಿದರು.

* * *

ನೆಲ್ಯಾಡಿಯಲ್ಲಿ ಜನ ಆಗಲೇ ಕತೆ ಕಟ್ಟಿದ್ದರು. ಅಣ್ಣ ಸ್ಕರಿಯ, ತಮ್ಮ ಮಾಣಿ ಒಂದು ವರ್ಷದಿಂದ ಸರಿಯಾಗಿ ಮಾತಾಡುತ್ತಿರಲಿಲ್ಲ. ಗುಡ್ಡದ ನೀರಿನ ತೋಡನ್ನು ಯಾರು ಯಾವ ಕಡೆ ತಿರುಗಿಸಬೇಕು ಎಂಬ ಜಗಳ. ಚುನಾವಣೆ ಮುಗಿಯುವವರೆಗೆಂದು ಪುತ್ತೂರಿನ ಕೋವಿ ಅಂಗಡಿಗೆ ಒಪ್ಪಿಸಿದ್ದ ಕೋವಿಯನ್ನು ಬಿಡಿಸಿಕೊಂಡು ಬಂದದ್ದು ಮಾಣಿ. ಒಂದು ರಾತ್ರಿ ಕೋವಿ ಅವನ ಮನೆಯಲ್ಲೇ ಇತ್ತು. ಇಷ್ಟು ಸಿಕ್ಕಿದರೆ ಜನಕ್ಕೆ ಬೇರೇನು ಬೇಕು?

ನನಗೂ ಅವನ ಮೇಲೆ ಸಂಶಯ ಬಂತು, ಸುಳ್ಳು ಹೇಳುವುದಿಲ್ಲ. ಕಣ್ಣು ಕೆಂಪಾಗಿತ್ತು, ಕೇಳಿದ್ದಕ್ಕೆಲ್ಲ ತಡವರಿಸುತ್ತಿದ್ದ. ಬೋಜಪ್ಪ ಅವನಿಗೆ ಏನೂ ಕೇಳಲಿಲ್ಲ. ಕೋವಿಯನ್ನು ಮುಂದಿಟ್ಟು, ಇದರ ಕುದುರೆ ಬಿಚ್ಚಿ ಕೊಡು ಎಂದರು. ಮಾಣಿ ಒಳಗಿನಿಂದ ಸೈಕಲ್ಲಿಗೆ ಬಳಸುವ ಸ್ಕ್ರೂ ಡ್ರೈವರ್ ತಂದ. ಹಿಡಿಯ ಹತ್ತಿರದ ಸ್ಕ್ರೂಗೆ ಇಟ್ಟು ತಿರುಗಿಸಿದ. ಡ್ರೈವರ್ ಜಾರಿ ಸ್ಕ್ರೂವಿನ ತಲೆಯಲ್ಲಿ ಬಿಳೀ ಗೀರು ಎದ್ದಿತು. ಇನ್ನೊಂದಕ್ಕೆ ಇಟ್ಟ. ಅದೂ ಹಾಗೆಯೇ.

"ಸಾಕು," ಎಂದರು ಬೋಜಪ್ಪ. ನನ್ನನ್ನು ಹತ್ತಿರ ಕರೆದು ತೋರಿಸಿದರು. ಮಾಣಿ ಮುಟ್ಟದ ಉಳಿದ ಸ್ಕ್ರೂಗಳ ತಲೆ ಕನ್ನಡಿಯ ಹಾಗೆ ನಯವಾಗಿತ್ತು. ಕುದುರೆ ಬದಲಿಸಿದವನು ಪ್ರತಿ ಸ್ಕ್ರೂವಿಗೂ ಸರಿಯಾಗಿ ಕೂರುವ ಡ್ರೈವರ್ ತಿಕ್ಕಿ ಮಾಡಿಕೊಂಡಿದ್ದ. ಅದು ಕಸುಬಿನವನ ಕೈ. ಮಾಣಿಯದ್ದಲ್ಲ.

ಕಸುಬಿನವನ ಕೈ ಎಂದರೆ ಮತ್ತೆ ಮೂಸಾಕನ ಕಡೆಗೇ ಬಂತಲ್ಲ ಎಂದುಕೊಂಡೆ. ಆಗ ಏಲಿ ಮರದ ಪೆಟ್ಟಿಗೆಯಿಂದ ಒಂದು ಸಣ್ಣ ಗಂಟು ತಂದಳು. ಜನವರಿಯಲ್ಲಿ ಮೂಸಾಕ ಕೊಟ್ಟದ್ದು, ಎಸೆಯಲು ಮರೆತಿದ್ದಳು. ಎಣ್ಣೆಬಟ್ಟೆ ಬಿಡಿಸಿದೆವು. ಒಳಗೆ ನಡುವೆ ತುಂಡಾದ ಒಂದು ಸ್ಪ್ರಿಂಗು. ಅಷ್ಟೇ. ಕುದುರೆ ಇರಲಿಲ್ಲ.

ಏಲಿ ಇನ್ನೊಂದು ಹೇಳಿದಳು. ಕೋವಿ ರಿಪೇರಿಯಾಗಿ ಬಂದ ಮೇಲೆ ಸ್ಕರಿಯ ಎರಡು ವಾರ ಅದನ್ನು ಬಳಸಿದ್ದ, ಒಂದು ಹಂದಿಯನ್ನೂ ಹೊಡೆದಿದ್ದ, ಒಂದು ತಕರಾರೂ ಇರಲಿಲ್ಲ. ಚುನಾವಣೆ ಮುಗಿದು ಪುತ್ತೂರಿನಿಂದ ವಾಪಸು ಬಂದ ಮೇಲೆ ಕುದುರೆ ಸ್ವಲ್ಪ ಸಡಿಲವಾದ ಹಾಗೆ ಉಂಟು ಎಂದಿದ್ದನಂತೆ. ಎಣ್ಣೆ ಹೆಚ್ಚು ಹಾಕಿದ್ದಾರೆ, ನಾಲ್ಕು ದಿನ ಹೋದರೆ ಸರಿಯಾದೀತು ಎಂದುಕೊಂಡಿದ್ದ.

ಹಾಗಾದರೆ ಕುದುರೆ ಬದಲಾದದ್ದು ಪುತ್ತೂರಿನಲ್ಲಿ ಕೋವಿ ಒಪ್ಪಿಸಿದ್ದ ಅಂಗಡಿಯಲ್ಲಿ.

* * *

ಚುನಾವಣೆ ಬಂದಾಗ ಲೈಸೆನ್ಸಿನ ಕೋವಿಗಳನ್ನೆಲ್ಲ ಒಪ್ಪಿಸಬೇಕು. ಠಾಣೆಗೆ ಕೊಡಬಹುದು, ಇಲ್ಲವೇ ಕೋವಿ ಅಂಗಡಿಗೆ. ಕೋವಿಯ ಮೇಲೆ ಪ್ರೀತಿ ಇದ್ದವರು ಅಂಗಡಿಗೆ ಕೊಡುತ್ತಾರೆ. ಪುತ್ತೂರಿನ ಪೇಟೆಯಲ್ಲಿ ವೆಂಕಟ್ರಮಣ ಕಾಮತರ ಅಂಗಡಿ. ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಅವರಲ್ಲಿ ಅರುವತ್ತೆರಡು ಕೋವಿಗಳಿದ್ದವು.

ಬೋಜಪ್ಪ ಕಿಸೆಯ ಕಾಗದ ಬಿಚ್ಚಿ ಕಾಮತರ ಮುಂದಿಟ್ಟರು. ಈ ಗಂಧದ ಕುದುರೆ ನಿಮ್ಮ ಅಂಗಡಿಯ ಹಳೆಯ ಕೋವಿಯಿಂದ ತೆಗೆದು ಹಾಕಿದ್ದಾ ಎಂದು ಕೇಳಿದರು. ಕಾಮತರಿಗೆ ಸಿಟ್ಟು ಬಂತು.

"ನಮ್ಮಲ್ಲಿ ಆಯುಧ ಪೂಜೆಗೆ ಕೋವಿಗೆ ಹೂ ಮಾತ್ರ ಇಡುದು ಮಾರಾಯ್ರೆ. ಗಂಧ ಹಚ್ಚಿದರೆ ತುಕ್ಕು ಬರ್ತದೆ. ತುಕ್ಕು ಬಂದ ಮಾಲು ಯಾರು ತೆಕ್ಕೊಳ್ತಾರೆ? ಗಂಧ ಹಚ್ಚುದು ಮನೆಗಳಲ್ಲಿ. ಇಟ್ಟ ಗಂಧ ತೊಳೆಯಬಾರದು ಅಂತ ಹಾಗೆಯೇ ಬಿಡುದು ಕೂಡ ಮನೆಗಳಲ್ಲಿ."

ಮಾತು ಸರಿ ಇತ್ತು. ನನಗೂ ಆಗ ಒಂದು ವಿಷಯ ಹೊಳೆಯಿತು. ಕಳ್ಳ ಕುದುರೆಯ ಮೈಯನ್ನೆಲ್ಲ ಚೊಕ್ಕ ಮಾಡಿದ್ದ. ಮಸಿ ತೆಗೆದಿದ್ದ, ಹೊಸ ಎಣ್ಣೆ ಕೊಟ್ಟಿದ್ದ. ಗೀರಿನ ಗಂಧವನ್ನು ಮಾತ್ರ ಮುಟ್ಟಿರಲಿಲ್ಲ. ಸೂಜಿಯ ತುದಿ ಸಾಕಿತ್ತು, ಒಂದು ನಿಮಿಷದ ಕೆಲಸ. ಕದಿಯಲು ಹೆದರದವನು ದೇವರಿಗಿಟ್ಟ ಗಂಧ ಕೆರೆಯಲು ಹೆದರಿದ್ದ.

ಬೋಜಪ್ಪ ಕೋವಿಗಳ ಪಟ್ಟಿ ಕೇಳಿದರು. ಕಾಮತರು ಪುಸ್ತಕ ತಂದು ತಿರುಗಿಸಿದರು. ಅಮೆರಿಕದ ಲಿವರ್ ಕೋವಿ ಬಂದಿದ್ದು ಎರಡೇ ಎಂದರು. ಒಂದು ನೆಲ್ಯಾಡಿಯ ಸ್ಕರಿಯನದ್ದು. ಇನ್ನೊಂದರ ಹೆಸರು ಓದುವ ಮೊದಲು ಕಾಮತರು ತಲೆ ಎತ್ತಿ ನಮ್ಮ ಸಾಹೇಬರ ಮುಖ ನೋಡಿದರು. ಓದಲಿಲ್ಲ. ಪುಸ್ತಕವನ್ನೇ ಇತ್ತ ತಿರುಗಿಸಿದರು.

ನಾನು ಬಗ್ಗಿ ಓದಿದೆ. ಕೂಸಪ್ಪ ಗೌಡ, ಆಲೆಟ್ಟಿ.

ಕೂಸಪ್ಪ ಗೌಡರು ಬೋಜಪ್ಪನವರ ತಂದೆ.

ಬೋಜಪ್ಪ ನಿಂತಲ್ಲೇ ನಿಂತಿದ್ದರು. ಬೆಳಿಗ್ಗೆ ಗಂಧ ಮೂಸಿದಾಗಲೇ ಅವರಿಗೆ ಅನುಮಾನ ಬಂದಿತ್ತೋ ಏನೋ. ನಾನು ಇವತ್ತಿನವರೆಗೆ ಕೇಳಿಲ್ಲ.

"ನನ್ನ ತಂದೆ ಇಲ್ಲಿಗೆ ಬರ್ತಿದ್ರಾ?" ಎಂದು ಕೇಳಿದರು. ಸ್ವರದಲ್ಲಿ ಏನೂ ಇರಲಿಲ್ಲ.

ಫೆಬ್ರವರಿಯಲ್ಲಿ ಎರಡು ಹಗಲು ಬಂದಿದ್ದರು ಎಂದರು ಕಾಮತರು. ಮಿಲಿಟರಿಯಲ್ಲಿ ಹದಿನೆಂಟು ವರ್ಷ ಕೋವಿ ರಿಪೇರಿಯ ಕೆಲಸದಲ್ಲೇ ಇದ್ದವರು. ಸುಮ್ಮನೆ ಬಿದ್ದ ಕೋವಿಗಳಿಗೆ ಎಣ್ಣೆ ಹಾಕಿಕೊಡುತ್ತೇನೆ ಎಂದು ಒಳಗಿನ ಕೋಣೆಯಲ್ಲಿ ಕುಳಿತು ಅರ್ಧಕ್ಕರ್ಧ ಕೋವಿ ಬಿಚ್ಚಿ ಜೋಡಿಸಿದ್ದರು. ಕಾಮತರು ಖುಷಿಯಾಗಿ ಕಾಫಿ ತರಿಸಿಕೊಟ್ಟಿದ್ದರು.

"ಸಬ್ ಇನ್‌ಸ್ಪೆಕ್ಟರ ತಂದೆ," ಎಂದರು ಕಾಮತರು. "ನಾನು ಎಂತ ಸಂಶಯ ಪಡುದು?"

* * *

ಜೀಪು ಆಲೆಟ್ಟಿಯ ದಾರಿ ಹಿಡಿಯಲಿಲ್ಲ. ಮೊದಲು ಠಾಣೆಗೆ ಬಂತು. ಬೋಜಪ್ಪ ನೇರ ಲಾಕಪ್ಪಿಗೆ ಹೋದರು.

"ನಿಮಗೆ ಗೊತ್ತಿತ್ತು."

ಮೂಸಾಕ ಸುಳ್ಳು ಹೇಳಲಿಲ್ಲ. ಹೋದ ವರ್ಷ ಕೂಸಪ್ಪ ಗೌಡರು ಆ ಕೋವಿಯನ್ನು ಅವರ ಹತ್ತಿರ ತಂದಿದ್ದರಂತೆ. ಕುದುರೆಯ ಹಲ್ಲು ಸವೆದಿತ್ತು. ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಇಲ್ಲ. ಇಂಥ ಕುದುರೆಯನ್ನು ಹೊಸದಾಗಿ ಮಾಡಲು ತನ್ನಲ್ಲಿ ತಕ್ಕ ಉಕ್ಕಿಲ್ಲ, ಗೋಡೆಗೆ ತೂಗುಹಾಕಿ, ತೋಟಾ ಮಾತ್ರ ಹಾಕಬೇಡಿ ಎಂದು ಮೂಸಾಕ ಕೈ ಮುಗಿದು ಹೇಳಿದ್ದರು. ಕೂಸಪ್ಪ ಗೌಡರಿಗೆ ಅವಮಾನವಾಗಿ ಕೋವಿ ಎತ್ತಿಕೊಂಡು ಹೋಗಿದ್ದರು.

ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಬೋಜಪ್ಪ ಕೇಳಿದರು.

"ನಿಮ್ಮ ಅಪ್ಪನ ಹೆಸರನ್ನು ಲಾಕಪ್ಪಿನ ಒಳಗೆ ಕೂತವ ಹೇಳಿದರೆ ನೀವು ನಂಬುತ್ತಿದ್ರಾ ಸಾರ್? ತಪ್ಪಿಸಿಕೊಳ್ಳಲಿಕ್ಕೆ ಹೇಳುದು ಅಂತ ಆಗ್ತಿತ್ತು. ನೀವೇ ನೋಡ್ಬೇಕಿತ್ತು." ಮತ್ತೆ ಹೇಳಿದರು. "ನೋಡದೆ ಬಿಟ್ಟಿದ್ದರೂ ನಾನು ಎಂತ ಮಾಡ್ಲಿಕ್ಕಿತ್ತು?"

ಬೋಜಪ್ಪನವರಿಗೆ ಆ ಕೇಸನ್ನು ಅಲ್ಲಿಗೇ ಬಿಡಬಹುದಿತ್ತು. ಸರ್ಕಲ್ ಸಾಹೇಬರು ಮುಗಿಸಿಯೇ ಆಗಿತ್ತು. ಕಿಸೆಯಲ್ಲಿದ್ದ ಚಿಟಿಕೆ ಪುಡಿಯನ್ನು ಗಾಳಿಗೆ ಊದಿದರೆ ಸಾಕಿತ್ತು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅವರು ಜೀಪಿನ ಕೀಲಿಕೈ ತೆಗೆದುಕೊಂಡರು.

* * *

ಆಲೆಟ್ಟಿಯ ಮನೆಯ ಜಗಲಿಯಲ್ಲಿ ತೊಟ್ಟಿಲು ಕಟ್ಟಿತ್ತು. ಕೂಸಪ್ಪ ಗೌಡರು ಪಕ್ಕದಲ್ಲಿ ಕುಳಿತು ಹಗ್ಗ ಎಳೆಯುತ್ತಿದ್ದರು. ಅವರ ಹೆಂಡತಿ ಶಂಕರಿಯಮ್ಮ ನನಗೆ ಬೆಲ್ಲ ನೀರು ತಂದುಕೊಟ್ಟರು. ತಂದೆ ಮಗ ತಮ್ಮ ಮನೆಮಾತು ಅರೆಭಾಷೆಯಲ್ಲಿ ಮಾತಾಡಿದರು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬೋಜಪ್ಪ ಸುತ್ತಿ ಬಳಸಿ ಮಾತಾಡುವವರಲ್ಲ. ಗೋಡೆಯ ಗೂಟದಿಂದ ಕೋವಿ ಇಳಿಸಿ ಬೆಳಕಿಗೆ ತಂದರು. ನಳಿಗೆಯ ಬುಡದಲ್ಲಿ ಗಂಧ ಮೂರು ಪದರ ಕೂತಿತ್ತು. ಲಿವರಿನ ಸಂದಿಯಲ್ಲಿತ್ತು. ಹಿಡಿಯ ತಗಡಿನ ಅಂಚಿನಲ್ಲಿತ್ತು. ಕುದುರೆಯ ಗೀರುಗಳಲ್ಲಿ ಒಂದು ಕಣವೂ ಇರಲಿಲ್ಲ.

"ಅವ್ವ, ಪೂಜೆಗೆ ಕುದುರೆಗೆ ಗಂಧ ಹಚ್ಚುದಿಲ್ವಾ?"

"ಮೊದಲು ಅದಕ್ಕೇ ಹಚ್ಚುದಲ್ವಾ," ಎಂದರು ಶಂಕರಿಯಮ್ಮ. "ಈ ಮನೆಗೆ ಬಂದ ವರ್ಷದಿಂದ ಹಚ್ಚುತ್ತಾ ಇದ್ದೇನೆ."

ಬೋಜಪ್ಪ ಜೀಪಿನಿಂದ ಸ್ಕರಿಯನ ಕೋವಿ ತರಿಸಿದರು. ಎರಡನ್ನೂ ಜಗಲಿಯ ಮೇಲೆ ಪಕ್ಕಪಕ್ಕ ಮಲಗಿಸಿದರು. ಗಂಧವೇ ಇರಬಾರದ ಕೋವಿಯಲ್ಲಿ ಗಂಧದ ಕುದುರೆ. ಗಂಧದ ಕೋವಿಯಲ್ಲಿ ಚೊಕ್ಕ ಕುದುರೆ. ಅದನ್ನು ನೋಡಲು ಪೊಲೀಸನೇ ಆಗಬೇಕಾಗಿರಲಿಲ್ಲ. ಶಂಕರಿಯಮ್ಮ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಬಾಯಿಗೆ ಸೆರಗು ಒತ್ತಿಕೊಂಡರು.

ಬೋಜಪ್ಪ ಒಂದೊಂದಾಗಿ ಹೇಳಿದರು. ಮೂಸಕುಂಞಿ ಬದಲಿಸಿದ್ದು ಸ್ಪ್ರಿಂಗು ಮಾತ್ರ, ಹಳತು ಏಲಿಯ ಪೆಟ್ಟಿಗೆಯಲ್ಲಿ ಸಿಕ್ಕಿತು. ಪುತ್ತೂರಿಗೆ ಹೋಗುವವರೆಗೆ ಕೋವಿ ಸರಿ ಇತ್ತು, ಬಂದ ಮೇಲೆ ಸಡಿಲವಾಗಿತ್ತು. ಸ್ಕ್ರೂವಿನ ತಲೆಗೆ ಒಂದು ಗೀರೂ ಬೀಳದ ಹಾಗೆ ಬಿಚ್ಚಿದವನು ಮಿಲಿಟರಿ ಕೈಯವನು. ಅಂಗಡಿಯಲ್ಲಿ ಒಂದೇ ಮಾದರಿಯ ಕೋವಿ ಇದ್ದದ್ದು ಎರಡು. ಒಳಗಿನ ಕೋಣೆಯಲ್ಲಿ ಎರಡು ಹಗಲು ಕುಳಿತಿದ್ದವರು ಒಬ್ಬರು.

ಕೂಸಪ್ಪ ಗೌಡರು ತೊಟ್ಟಿಲಿನ ಹಗ್ಗ ಬಿಡಲಿಲ್ಲ. ಎಳೆಯುತ್ತಲೇ ಹೇಳಿದರು.

ಹೋದ ವರ್ಷ ಇದೇ ಅಂಗಳದಲ್ಲಿ ಆ ಕೋವಿ ತಾನಾಗಿ ಹಾರಿ ಮಾಡಿನ ಹಂಚು ಒಡೆದಿತ್ತು. ಗುಂಡು ಶಂಕರಿಯಮ್ಮನ ತಲೆಯಿಂದ ಒಂದು ಗೇಣು ದೂರದಲ್ಲಿ ಹೋಗಿತ್ತು. ಸೊಸೆಗೆ ಮೂರನೆಯದು ಗಂಡಾಗುತ್ತದೆ ಎಂದು ಅವರ ಮನಸ್ಸು ಹೇಳಿತ್ತು. ಗಂಡಾದರೆ ಗುಂಡು ಹಾರಿಸಬೇಕು. ಮೂರು ತಲೆಮಾರು ಹಾರಿಸಿದ ಕೋವಿಯಿಂದಲೇ ಹಾರಿಸಬೇಕು. ಎರವಲು ತಂದರೆ ಊರು ನಗುತ್ತದೆ. ಕಾಮತರ ಕೋಣೆಯಲ್ಲಿ ಅದೇ ಮಾದರಿಯ ಇನ್ನೊಂದು ಕೋವಿ ಕಣ್ಣೆದುರೇ ಇತ್ತು. ಹೆರಿಗೆಯಾದ ಮೇಲೆ ನೆಲ್ಯಾಡಿಗೆ ಹೋಗಿ ಏನಾದರೂ ನೆಪ ಹೇಳಿ ಬದಲಿಸಿ ಕೊಡುವ ಎಂದುಕೊಂಡಿದ್ದರಂತೆ.

"ಗುಂಡು ಹಾರಿಸಿ ಹದಿಮೂರು ದಿನ ಆಗಿತ್ತು ಅಪ್ಪ," ಎಂದರು ಬೋಜಪ್ಪ. "ನೆಲ್ಯಾಡಿಗೆ ಬಸ್ಸು ದಿನಾ ಉಂಟು."

ಮುದುಕ ಹಗ್ಗವನ್ನು ಇನ್ನೊಮ್ಮೆ ಎಳೆದರು.

"ಹೋಗಲಿ. ಸ್ಕರಿಯ ಸತ್ತದ್ದು ನಿನ್ನೆ ಬೆಳಿಗ್ಗೆ. ಮೂಸಕುಂಞಿಯನ್ನು ಹಿಡಿದದ್ದು ನಿನ್ನೆ ಸಂಜೆ. ನಿಮಗೆ ಸುದ್ದಿ ಯಾವಾಗ ಸಿಕ್ಕಿತು?"

"ರಾತ್ರಿ."

"ನಾನು ಬಾರದಿದ್ದರೆ ನೀವು ಬರ್ತಿದ್ರಾ?"

ತೊಟ್ಟಿಲು ಆಗ ನಿಂತಿತು. ನಾನು ಮನಸ್ಸಿನಲ್ಲಿ ಮುದುಕನನ್ನು ಬೇಡಿಕೊಂಡೆ, ಹೌದು ಎಂದುಬಿಡಿ ಎಂದು. ಸುಳ್ಳಾದರೂ ಆಗಲಿ, ಮಗನ ಮುಖ ನೋಡಿ ಹೌದು ಎನ್ನಿ.

"ಇಲ್ಲ," ಎಂದರು ಕೂಸಪ್ಪ ಗೌಡರು. "ಅವನು ರಿಪೇರಿಯವ. ಅವನಿಗೆ ಎರಡು ವರ್ಷ ಜೈಲು ಆಗ್ತಿತ್ತು. ಅವ ಒಳಗೆ ಹೋದರೆ ಊರಿಗೆ ಎಂತ? ನಾನು ಹೋದರೆ ಈ ಮಗುವಿನ ಹೆಸರಿಗೆ ಅಂಟುತ್ತದೆ."

ಇಷ್ಟು ಹೊತ್ತು ಆ ಮನುಷ್ಯನ ಮೇಲೆ ನನಗೆ ಸ್ವಲ್ಪ ಕನಿಕರವಿತ್ತು. ಆ ಕ್ಷಣಕ್ಕೆ ಹೋಯಿತು. ಕುದುರೆ ಕದ್ದದ್ದು ಆಸೆಗೆ. ಸ್ಕರಿಯ ಸತ್ತದ್ದು ಆ ಆಸೆಯ ಫಲ. ಆದರೆ ಇದು ಬೆಳಗಾಗೆದ್ದು ಯೋಚಿಸಿ, ಲೆಕ್ಕ ಹಾಕಿ, ಒಬ್ಬ ಬಡ ಮುದುಕನನ್ನು ತನ್ನ ಜಾಗದಲ್ಲಿ ಕೂರಿಸಿದ್ದು.

ಬೋಜಪ್ಪ ನನ್ನ ಕಡೆ ನೋಡಿದರು. ಅವರ ತಂದೆಯನ್ನು ಹಿಡಿಯಬೇಕಾದವನು ನಾನು ಎಂದು ಅರ್ಥವಾಯಿತು. ಆದರೆ ಆ ಮನೆಯ ನೀರು ಕುಡಿದ ಲೋಟ ಇನ್ನೂ ನನ್ನ ಕೈಯಲ್ಲಿತ್ತು. ಕಾಲು ಮುಂದೆ ಹೋಗಲಿಲ್ಲ.

ಶಂಕರಿಯಮ್ಮ ಬಂದರು. ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡರು. ಗಂಡನ ಕೈಯಿಂದ ಹಗ್ಗ ಬಿಡಿಸಿದರು. ನನ್ನ ಕೈಯಿಂದ ಲೋಟವನ್ನೂ ತೆಗೆದುಕೊಂಡರು.

"ಕರ್ಕೊಂಡು ಹೋಗಿ," ಎಂದರು.

* * *

ಕೇಸನ್ನು ಬೋಜಪ್ಪ ಅವತ್ತೇ ಸರ್ಕಲ್ ಸಾಹೇಬರಿಗೆ ಒಪ್ಪಿಸಿದರು. ತಂದೆಯ ಹೇಳಿಕೆಯನ್ನು ತಾವು ಬರೆದುಕೊಳ್ಳುವಂತಿಲ್ಲ ಎಂದು ಬರೆದುಕೊಟ್ಟರು. ಸಾಹೇಬರು ಎರಡು ಸಲ ಓದಿದರು. ಸಹಿ ಹಾಕಿದರು.

ಸಂಜೆ ಐದು ಗಂಟೆಗೆ ನಾನು ಲಾಕಪ್ಪಿನ ಬಾಗಿಲು ತೆರೆದೆ. ಮೂಸಾಕ ಟೊಪ್ಪಿ ಕೊಡವಿ ತಲೆಗೆ ಇಟ್ಟುಕೊಂಡು ಹೊರಗೆ ಬಂದರು. ಕೂಸಪ್ಪ ಗೌಡರು ಒಳಗೆ ಹೋಗಲು ನಿಂತಿದ್ದರು. ಬಾಗಿಲು ಸಣ್ಣದು. ಮೂಸಾಕ ಗೋಡೆಗೆ ಸರಿದು ದಾರಿ ಬಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನು ತಡೆಯುತ್ತಿರಲಿಲ್ಲ.

"ಒಳಗೆ ಸೆಕೆ ಉಂಟು ಕೂಸಪ್ಪಣ್ಣ," ಎಂದರು. "ಕಿಟಕಿಯ ಹತ್ತಿರ ಕೂತ್ಕೊಳ್ಳಿ."

ಕೂಸಪ್ಪ ಗೌಡರು ತಲೆ ಎತ್ತಲಿಲ್ಲ. ನಾನು ಬಾಗಿಲು ಎಳೆದು ಬೀಗ ಹಾಕಿದೆ.